ಚಿತ್ರಕಾರನ ತೋಟ, ಗೆಳತಿಯ ಹಿತ್ತಲು

ಕಳೆದ ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಅಮೆರಿಕದ ಡೌನರ್ಸ್ ಗ್ರೋವ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿತ್ತಲಲ್ಲಿದ್ದ ಬಿಳಿ ಹೂಗಳನ್ನೆಲ್ಲ ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ ಪೂಜೆಗೆಂದು ಕಿತ್ತು ತಂದರು. ಆ ಮಧ್ಯಾಹ್ನ ಅದೇ ಹಿತ್ತಲನ್ನು ನೋಡಲು ನಮ್ಮ ಕನ್ನಡ ಓದುಗರ ಬಳಗ ಬರುವುದಿತ್ತು.

ಪಕ್ಕದ ಮನೆಯವಳು ಧಾರವಾಡದ ಡಾಕ್ಟರ್, ನನ್ನ ಗೆಳತಿ. ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ಚಿತ್ರಕಾರನ ವಿಷಯ ಅವಳಿಗೆ ಹೇಳಿದ್ದೇ ನಾನು. ಅವನು ಶ್ರೀಮಂತರಿಗೆ ತೋಟಗಳನ್ನೂ ರೂಪಿಸಿಕೊಡುತ್ತಿದ್ದ. ತೋಟ ಹೇಗಿರಬೇಕೆಂದು ಮೊದಲು ಚಿತ್ರ ಬರೆದು, ಆಮೇಲೆ ಆ ಬಣ್ಣಗಳಿಗೆ ತಕ್ಕ ಗಿಡ ನೆಡಿಸುತ್ತಿದ್ದ. ನಾನು ಎರಡು ಚಳಿಗಾಲ ಅವನ ಬಗ್ಗೆ ಓದಿದೆ. ಅವಳು ಒಂದು ಚಳಿಗಾಲ ಜಲವರ್ಣ ಕಲಿತು, ಹಿಮ ಕರಗಿದ ಮೇಲೆ ಅವನ ರೀತಿಯಲ್ಲೇ ಗಿಡ ನೆಟ್ಟಳು. ಅವನ ಬದುಕಿನ ಬಗ್ಗೆ ಆ ಹಿತ್ತಲಲ್ಲೇ ಮಾತಾಡಲು ಬಳಗದವರು ಕರೆದದ್ದು ಅವಳನ್ನು. ಆ ಮಾತು ನನ್ನದಾಗಬೇಕಿತ್ತು ಎಂದು ನಾನು ಯಾರಿಗೂ ಹೇಳಲಿಲ್ಲ. ಅವಳ ತೋಟದತ್ತ ತೆರೆಯುವ ಅಡುಗೆಮನೆಯ ಕಿಟಕಿಗೆ ಪರದೆ ಎಳೆದುಕೊಂಡೆ.

"ಅತ್ತೆ, ಅದು ಅವಳ ತೋಟ," ಎಂದೆ.

"ಬೇಲಿನೇ ಇಲ್ವಲ್ಲೇ! ಮೈಸೂರಲ್ಲಿ ವಾಕಿಂಗ್ ಹೋದೋರು ಕಾಂಪೌಂಡ್ ಇದ್ರೂ ಕಿತ್ಕೊಂಡ್ ಬರ್ತಾರೆ. ನಿನ್ನ ಕಡೆ ಕೀಳೋಕೆ ಏನಿದೆ, ಪುದೀನಾನಾ?"

ನಮ್ಮ ಬಡಾವಣೆಯಲ್ಲಿ ಬೇಲಿ ಹಾಕುವಂತಿಲ್ಲ. ಪರದೆ ಸರಿಸಿದಾಗ ಬೋಳಾದ ಗಿಡಗಳನ್ನು ಕಂಡು ನನಗೆ ಸಂತೋಷವಾಯಿತು. ಅತ್ತೆಯನ್ನು ಕರೆದುಕೊಂಡು ಹೋಗಿ ಗೆಳತಿಗೆ ವಿಷಯ ತಿಳಿಸಿದೆ. ಅವಳು ಪಾತಿಯ ಬಳಿ ಬಗ್ಗಿ ಒಂದು ಬೋಳು ಟೊಂಗೆಯನ್ನು ಎತ್ತಿ ನೋಡಿದಳು.

"ಇರ್ಲಿ ಬಿಡ್ರಿ ಆಂಟಿ, ದೇವರ ತಲಿ ಮ್ಯಾಲ ಅದಾವಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮುಖ ಯಾಕ ಹಂಗ ಸಪ್ಪಗಾಗೇದ ಅಕ್ಕಾರ? ಹೂ ಹೋಗಿದ್ದು ನಂದ್ರೀ!" ಎಂದಳು.

ಮಧ್ಯಾಹ್ನ ಅಕ್ಕಪಕ್ಕದ ಊರುಗಳಾದ ಲೈಲ್, ವೆಸ್ಟ್‌ಮಂಟ್‌ ಕಡೆಯಿಂದ ಕಾರುಗಳು ಬಂದವು. ಗಿಡ ನೆಡುವ ಮೊದಲು ತಾನು ಬರೆದಿದ್ದ ತೋಟದ ಚಿತ್ರವನ್ನು ಗೆಳತಿ ಹೊರಗೆ ತಂದು, ಬೋಳು ಪಾತಿಯ ಪಕ್ಕದಲ್ಲಿ ನಿಲ್ಲಿಸಿದಳು.

"ಅವನ ತೋಟ ಶುರು ಆಗೂದು ಹಿಂಗ, ಚಿತ್ರದಾಗ," ಎಂದು ಮಾತು ಆರಂಭಿಸಿದಳು.

ಜನ ಚಿತ್ರ ನೋಡಿದರು, ಪಾತಿ ನೋಡಿದರು, ಮತ್ತೆ ಚಿತ್ರದ ಹತ್ತಿರ ಹೋದರು. ಚಿತ್ರಕಾರ ಹುಟ್ಟಿದ ಊರನ್ನು ಅವಳು ತಪ್ಪು ಹೇಳಿದಳು. ನನ್ನ ಹೊರತು ಯಾರಿಗೂ ಅದು ಗೊತ್ತಾಗಲಿಲ್ಲ.

"ಹೂ ಇದ್ದಿದ್ರೆ ಬರೀ ಫೋಟೋ ತಕ್ಕೊಂಡು ಹೋಗ್ತಿದ್ವಿ," ಎಂದರು ಲೈಲ್‌ನ ಅಂಕಲ್ ಒಬ್ಬರು. "ಈಗ ನೋಡಿ, ಅವನು ಏನ್ ಮಾಡ್ತಿದ್ದ ಅಂತ ಅರ್ಥ ಆಯ್ತು."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನನ್ನ ಅತ್ತೆ.

ಬರುವ ಬೇಸಿಗೆಯ ಮಾತಿಗೂ ಬಳಗದವರು ಅವಳನ್ನೇ ಕೇಳಿದ್ದಾರೆ. ಅವಳು ಒಪ್ಪಿದ್ದಾಳೆ.