ತಿರುಗದೆ ನಡೆದ ಕುರಿಗಾಹಿ

ಆ ದಿನಗಳಲ್ಲಿ ಹಿರಿಯೂರಿನ ನಮ್ಮ ಶಾಲೆಯಲ್ಲಿ ನನ್ನ ಜೊತೆ ವಾದಕ್ಕಿಳಿದು ಗೆದ್ದವರು ಯಾರೂ ಇರಲಿಲ್ಲ. ಮನೆಯಲ್ಲಿ ಅವ್ವ ಗೆಲ್ಲುತ್ತಿದ್ದಳು. ಅವಳು ವಾದಿಸುತ್ತಿರಲಿಲ್ಲ, ಬಾಯಿಗೆ ಬೆಲ್ಲ ತುರುಕಿ ಸುಮ್ಮನಾಗಿಸುತ್ತಿದ್ದಳು.

ಎಂಟನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ನಾಟಕದ ಮೇಷ್ಟ್ರು ನಮಗೊಂದು ಗ್ರೀಕ್ ಕಥೆ ತಂದರು. ಸತ್ತ ಹೆಂಡತಿಯನ್ನು ಕರೆತರಲು ಹಾಡುಗಾರನೊಬ್ಬ ಪಾತಾಳಕ್ಕೆ ಹೋಗುತ್ತಾನೆ. ಅವಳು ಹಿಂದೆಯೇ ಬರುತ್ತಾಳೆ, ಮೇಲೆ ತಲುಪುವವರೆಗೆ ಅವನು ತಿರುಗಿ ನೋಡಬಾರದು. ನೋಡಿಬಿಡುತ್ತಾನೆ, ಅವಳು ಮತ್ತೆ ಸಾಯುತ್ತಾಳೆ. ಮೇಷ್ಟ್ರು ಆ ಹಾಡುಗಾರನನ್ನು ನಮ್ಮ ಕಡೆಯ ಕುರಿಗಾಹಿ ಮಾಡಿದ್ದರು. ಕುರಿಗಾಹಿ ನಾನು. ಹೆಂಡತಿ, ನನ್ನ ಕ್ಲಾಸಿನ ಸುನಂದ.

"ಹೆಂಡ್ತಿ ಬರ್ತಾಳೋ ಇಲ್ವೋ ಅಂತ ನೋಡಿದ್ರೆ ತಪ್ಪೇನ್ರಿ ಸಾರ್? ಈ ಷರತ್ತಿಗೆ ಅರ್ಥ ಐತಾ?"

"ಲೇ ಲಾಯರ್, ಅರ್ಥ ಆಮೇಲೆ. ತಮಟೆ ನಿಂತ ತಕ್ಷಣ ತಿರುಗು, ಸಾಕು."

ತಾಲೀಮು ಮುಗಿಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಮನೆಗೆ ಹೋದರೆ ಅವ್ವ ನನ್ನ ವೇಷಕ್ಕೆಂದು ತಾನು ಹೊದೆಯುವ ಕಂಬಳಿಯನ್ನೇ ಕೊಡವಿ ಇಟ್ಟಿದ್ದಳು. "ಇದನ್ನ ಹೊದ್ಕಂಡ್ರೆ ಪಾತಾಳದಾಗೂ ಚಳಿ ಆಗಲ್ಲ, ಹೋಗು."

ನಾಟಕಕ್ಕೆ ಎರಡು ವಾರ ಇರುವಾಗ ಅವ್ವ ಹೋದಳು. ಮೂರು ದಿನದ ಜ್ವರ, ಅಷ್ಟೆ. ಜವನಗೊಂಡನಹಳ್ಳಿಯ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಹೊರಟಾಗ ಚಿಕ್ಕಪ್ಪ ನನ್ನ ಹೆಗಲು ಹಿಡಿದುಕೊಂಡ.

"ಹಿಂದಕ್ ನೋಡಬ್ಯಾಡ ಮಗ. ನೋಡಿದ್ರೆ ಅವಳ ಜೀವ ನಿನ್ನ ಹಿಂದೇ ಬರ್ತೈತೆ."

ಬರಲಿ ಬಿಡು, ಅದರಲ್ಲೇನು ತಪ್ಪು ಎಂದು ಕೇಳಬೇಕಿತ್ತು. ಕೇಳಲಿಲ್ಲ. ನೋಡಲೂ ಇಲ್ಲ. ನಾನು ವಾದಿಸದೆ ಒಪ್ಪಿಕೊಂಡ ಮಾತು ಅದೊಂದೇ.

ನಾಟಕದ ಸಂಜೆ ಕಂಬಳಿ ಹೊದ್ದು ಶಾಲೆಯ ಅಂಗಳದ ವೇದಿಕೆ ಹತ್ತಿದೆ. ಅವ್ವನ ತಲೆಗೆಣ್ಣೆಯ ವಾಸನೆ ಅದರಲ್ಲಿ ಇನ್ನೂ ಇತ್ತು. ಹಿಂದೆ ಗೆಜ್ಜೆ ಸದ್ದು. ತಮಟೆ ನಿಂತಿತು. ನಾನು ತಿರುಗಲಿಲ್ಲ. ಚಿಕ್ಕಪ್ಪ ಹೇಳಿದ್ದಕ್ಕೆ ಇಲ್ಲಿ ಷರತ್ತು ಉಲ್ಟಾ ಇತ್ತಲ್ಲ: ನೋಡದಿದ್ದರೆ ಬರುತ್ತಾಳೆ.

ವೇದಿಕೆ ಇಳಿದೆ. ಕೂತವರ ನಡುವೆಯೇ ನಡೆದೆ. ಜನ ನಗತೊಡಗಿದರು.

"ಲೇ, ತಿರುಗೋ!" ಹಿಂದಿನಿಂದ ಸುನಂದ ಪಿಸುಗುಟ್ಟಿದಳು. "ನಾನು ಸಾಯ್ಬೇಕು ಕಣೋ!"

"ಸುಮ್ನೆ ಬಾ."

"ಎಲ್ಲಿಗೋ? ಗೇಟು ಬಂತು! ಹೈವೇಗೆ ಕರ್ಕಂಡು ಹೋಗ್ತೀಯೇನೋ?"

ಗೇಟಿನ ಬಳಿ ಅವಳೇ ಓಡಿ ಬಂದು ಎದುರಿಗೆ ನಿಂತಳು. ಪೌಡರು ಬಳಿದ ಆ ಮುಖ ಕಂಡದ್ದೇ ತಡ, ನಾನು ನೆಲಕ್ಕೆ ಕುಸಿದೆ. ಅವಳ ಸಿಟ್ಟು ಇಳಿದುಹೋಯಿತು.

"ನಿಮ್ಮವ್ವ ಅಂದ್ಕಂಡ್ಯೇನೋ?"

ನಾನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡೆ.

ಆಮೇಲೆ ಮೂಢನಂಬಿಕೆಯ ವಿರುದ್ಧ ಎಷ್ಟೋ ಚರ್ಚಾಸ್ಪರ್ಧೆ ಗೆದ್ದಿದ್ದೇನೆ. ಮಣ್ಣು ಮಾಡಿ ಬರುವಾಗ ತಿರುಗಿ ನೋಡಿದರೆ ಏನೂ ಆಗದು ಎಂದು ಎರಡೇ ನಿಮಿಷದಲ್ಲಿ ಸಾಧಿಸಬಲ್ಲೆ. ಅಜ್ಜನನ್ನು ಮಣ್ಣು ಮಾಡಿದ ದಿನ ಬೇಕೆಂದೇ ತಿರುಗಿ ನೋಡಿದೆ. ಯಾರೂ ಬರಲಿಲ್ಲ.

ವೇದಿಕೆಯಿಂದ ಗೇಟಿಗೆ ನೂರು ಹೆಜ್ಜೆ ಇದ್ದೀತು. ಅಷ್ಟು ದೂರ ಅವ್ವ ನನ್ನ ಹಿಂದೆ ನಡೆದು ಬಂದಿದ್ದಳು. ಪುರಾವೆ ಇಲ್ಲ, ಬೇರೆ ಯಾರಾದರೂ ಹೀಗೆಂದರೆ ನಾನೇ ಅವರ ಮಾತನ್ನು ಸೀಳಿಹಾಕುತ್ತೇನೆ. ಆದರೆ ಅದಾದ ಮೇಲೆ ಅಷ್ಟು ಹತ್ತಿರಕ್ಕೆ ಅವಳು ಮತ್ತೆ ಬಂದಿಲ್ಲ.