‘ನೋಡೋಣ’ದ ಅಭ್ಯರ್ಥಿ

ಪ್ರಜಾಪ್ರಭುತ್ವವೆಂಬ ಮಹಾಸೌಧವು ಪ್ರಜೆಯ ಸ್ಪಷ್ಟವಾದ ‘ಹೌದು’ ಮತ್ತು ಸ್ಪಷ್ಟವಾದ ‘ಇಲ್ಲ’ ಎಂಬ ಎರಡೇ ಕಂಬಗಳ ಮೇಲೆ ನಿಂತಿದೆ. ಹೀಗೆ ಅಪ್ಪಣೆ ಕೊಡಿಸುತ್ತಿರುವ ನನಗೆ ಆ ಎರಡರಲ್ಲಿ ಒಂದನ್ನೂ ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಒಲ್ಲದ್ದಕ್ಕೆಲ್ಲ ‘ನೋಡೋಣ’ ಎನ್ನುವುದು ವಾಡಿಕೆ. ಹುಡುಗಿಯ ಜಾತಕ ತಂದವರಿಗೆ ನಮ್ಮ ತಂದೆ ‘ನೋಡೋಣ’ ಎಂದರೆ ಸಾಕು, ಅವರು ನಗುನಗುತ್ತಲೇ ಕಾಫಿ ಮುಗಿಸಿ ಬೇರೆ ವರನನ್ನು ಹುಡುಕಲು ಹೊರಡುತ್ತಿದ್ದರು.

ಅಮೆರಿಕದ ಪೌರನಾದ ಮೇಲೆ ಬಂದ ನನ್ನ ಮೊದಲ ಅಧ್ಯಕ್ಷೀಯ ಚುನಾವಣೆಯದು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸುತ್ತಿನಲ್ಲಿ, ಯುದ್ಧ ಬೇಡವೆಂದು ಖಡಾಖಂಡಿತವಾಗಿ ಹೇಳುತ್ತಿದ್ದ ಒಬ್ಬರನ್ನು ನಾನು ನೆಚ್ಚಿದ್ದೆ. ನಮ್ಮ ಇಲಿನಾಯ್ಸ್‌ನ ಸರದಿ ಬರುವಷ್ಟರಲ್ಲಿ ಅವರು ಕಣದಿಂದ ಸರಿದಿದ್ದರು; ಮತಪತ್ರದಲ್ಲಿ ಅವರ ಹೆಸರು ಮಾತ್ರ ಉಳಿದಿತ್ತು. ಇವರೇ ಗೆಲ್ಲುವುದೆಂದು ಎಲ್ಲರೂ ಹೇಳುತ್ತಿದ್ದ ಇನ್ನೊಬ್ಬ ಮಹಾಶಯರೋ, ಯುದ್ಧ ಬೇಕೇ ಎಂದು ಕೇಳಿದರೆ ‘ಒಂದು ದೃಷ್ಟಿಯಿಂದ’ ಎಂದು ಆರಂಭಿಸಿ, ಜಾಹೀರಾತು ಬಂದು ಬಾಯಿ ಮುಚ್ಚಿಸುವವರೆಗೂ ಎರಡನೆಯ ದೃಷ್ಟಿಯನ್ನು ಹುಡುಕುತ್ತಿದ್ದರು. ಅವರನ್ನು ಟೀವಿಯಲ್ಲಿ ಕಂಡರೆ ನನಗೆ ಮೈಯೆಲ್ಲ ಉರಿ. ಏನಾದರಾಗಲಿ, ಯುದ್ಧ ಬೇಡವೆಂದ ನಮ್ಮವರಿಗೇ ಮತ ಹಾಕುತ್ತೇನೆಂದು, ವಾರೆನ್‌ನಲ್ಲಿ ಕಾರುಗಳ ಎಂಜಿನಿಯರಾಗಿದ್ದ ಹುಬ್ಬಳ್ಳಿಯ ಗೆಳೆಯ ರಹಮತ್ ಸಾಹೇಬರಿಗೆ ಮಾತು ಕೊಟ್ಟಿದ್ದೆ. ಅವರು ತಮ್ಮ ಮಿಶಿಗನ್ ರಾಜ್ಯದ ಸರದಿಯಲ್ಲಿ ಆಗಲೇ ಹಾಗೆ ಹಾಕಿ ಸೋತಿದ್ದರು.

ಒಂದು ಶನಿವಾರ, ಪ್ಲೇನ್‌ಫೀಲ್ಡಿನ ನಮ್ಮ ಎದುರು ಮನೆಯ ವೃದ್ಧೆ ಚಳಿಯಲ್ಲಿ ನಡುಗುತ್ತ ಬಂದು, ಆ ಮಹಾಶಯರ ಹೆಸರಿನ ಫಲಕವನ್ನು ನಮ್ಮ ಹುಲ್ಲುಹಾಸಿನಲ್ಲಿ ನೆಡಬಹುದೇ ಎಂದು ಕೇಳಿದರು. ಕೂಡದೆನ್ನಲು ನಾಲಿಗೆ ಏಳಲಿಲ್ಲ. ತಲೆಯನ್ನು ಅತ್ತಿತ್ತ ತೂಗಿ, ‘ನೋಡೋಣ’ವನ್ನು ಇಂಗ್ಲಿಷಿಗೆ ತಿರುಗಿಸಿ ‘ವಿ ವಿಲ್ ಸೀ’ ಎಂದೆ. ಆಕೆಯ ಕಿವಿಗೆ ಮೊದಲೆರಡು ಪದಗಳಷ್ಟೇ, ‘ಆಗಲಿ’ ಎಂಬಂತೆ, ಬಿದ್ದವು. ಮರುದಿನ ಬೆಳಿಗ್ಗೆ ಫಲಕವನ್ನು ಇಡೀ ಬೀದಿಯೇ ನೋಡುವಂತಾಯಿತು. ಕೀಳೋಣವೆಂದರೆ ಆಕೆ ಕಿಟಕಿಯಿಂದ ಕೈಬೀಸುತ್ತಾರೆ.

ಮುಂದಿನ ವಾರ ರಹಮತ್ ಸಾಹೇಬರು ಬಂದವರು ಕಾರಿನಿಂದ ಇಳಿಯುವ ಮೊದಲೇ ಶುರುಮಾಡಿದರು: “ಏನ್ರೀ ಮೂರ್ತಿಯವರ, ನಿಮ್ಮ ಅಂಗಳದಾಗ ಅವನ ಬೋರ್ಡ್? ನನಗ ಮಾತು ಕೊಟ್ಟಿದ್ರಿಲ್ಲೋ!”

“ಬೇಡ ಅಂತಲೇ ಹೇಳಿದ್ದು ಸಾಹೇಬರೇ. ನೋಡೋಣ ಅಂದೆ.”

“ಹಂಗಾರ ಅವನೂ ನೋಡೋಣ, ನೀವೂ ನೋಡೋಣ. ಸರಿಯಾದ ಅಂಗಳದಾಗನ ಹಾಕ್ಯಾರ ಬಿಡ್ರಿ!”

“ಡ್ಯಾಡ್, ಜಸ್ಟ್ ಸೇ ನೋ!” ಎಂದಳು ಮಗಳು. ಹೆಂಡತಿ ನಗು ತಡೆಯಲಾರದೆ ಒಳಗೆ ಹೋದಳು.

ಸಾಹೇಬರ ಮಾತು ಚುಚ್ಚಿತು, ನಿಜವಾಗಿದ್ದರಿಂದ. ಆ ಮಹಾಶಯರಲ್ಲಿ ನಾನು ಯಾವುದನ್ನು ಕಂಡು ಉರಿದೇಳುತ್ತಿದ್ದೆನೋ ಅದು ನನ್ನದೇ ಕುಲವಿದ್ಯೆ. ಪಾಪ, ಅವರಿಗೆ ಕನ್ನಡ ಬಾರದ್ದರಿಂದ ಒಂದು ಪದದಲ್ಲಿ ಮುಗಿಯುವುದನ್ನು ಅರ್ಧ ಗಂಟೆ ಹೇಳಬೇಕಾಗಿತ್ತು.

ಮತದಾನದ ದಿನ, ಯಾವ ಪಕ್ಷದ ಮತಪತ್ರ ಬೇಕೆಂದು ಮೇಜಿನಾಚೆಯವರು ಕೇಳಿದರು. ಅಲ್ಲಿ ‘ನೋಡೋಣ’ ನಡೆಯದು. ಗಟ್ಟಿಯಾಗಿ ಪಕ್ಷದ ಹೆಸರು ಹೇಳಿದೆ. ಕಣದಲ್ಲಿಲ್ಲದ ನಮ್ಮವರಿಗೇ ಮತ ಹಾಕಿದೆ. ಅದೇ ಬಿಸಿಯಲ್ಲಿ ಮನೆಗೆ ಬಂದು, ಫಲಕ ಕಿತ್ತು, ಎದುರು ಮನೆಯ ಬಾಗಿಲು ತಟ್ಟಿ, ವೃದ್ಧೆಯ ಕೈಗಿತ್ತು, ಜೀವಮಾನದ ಮೊದಲ ‘ನೋ’ ಹೇಳಿದೆ. ಆಕೆ ಎಳ್ಳಷ್ಟೂ ಬೇಸರಿಸದೆ, ಹಾಗಾದರೆ ಇವರೇ ಅಭ್ಯರ್ಥಿಯಾದರೆ ನವೆಂಬರಿನ ಕೊನೆಯ ಚುನಾವಣೆಗೆ ನೆಡಬಹುದಲ್ಲವೇ ಎಂದು ಕೇಳಿದರು.

‘ವಿ ವಿಲ್ ಸೀ’ ಎಂದೆ, ‘ಸೀ’ಯನ್ನು ಆದಷ್ಟು ಒತ್ತಿ.

ಉಮೇದುವಾರಿಕೆ ಆ ಮಹಾಶಯರಿಗೇ ಸಿಕ್ಕಿತು. ಫಲಕ ನವೆಂಬರಿನವರೆಗೆ ನಮ್ಮ ಹುಲ್ಲುಹಾಸಿನಲ್ಲಿತ್ತು.