ತಲೆಯ ಭಾರ ಕೇಳುವವರು
ನಮ್ಮ ಅಸುನ್ಸಿಯೋನಿನ ಆಂಬುಲೆನ್ಸ್ ಕರೆಕೋಣೆಗೆ ಕೆಲಸದ ಒತ್ತಡ ಅಳೆಯುವ ಪ್ರಶ್ನಾವಳಿ ಹಿಡಿದು ಬರುವ ದೋನ್ಯಾ ಎಫಿಹೆನಿಯಾ ಅವರಿಗೆ ಹೊತ್ತುಗೊತ್ತು ಎಂಬುದೇ ಇಲ್ಲ. ಕುರ್ಚಿ ಕೊಟ್ಟರೆ ಕೂರರು, ತಣ್ಣನೆಯ ತೆರೆರೆ ಕಷಾಯ ಕೊಟ್ಟರೆ ಒಂದೇ ಗುಟುಕು ಹೀರಿ ಮತ್ತೆ ಸುತ್ತುತ್ತಾರೆ. ಎರಡು ಫೋನು ಒಟ್ಟಿಗೆ ಅರಚುವಾಗಲೇ ಬೆನ್ನ ಹಿಂದೆ ಬಂದು, “ಮಗಳೇ, ತಲೆಗೆ ಭಾರ ಎಷ್ಟು? ಸೊನ್ನೆಯಿಂದ ನೂರರೊಳಗೆ ಹೇಳು” ಎನ್ನುತ್ತಾರೆ. “ನಿಮ್ಮನ್ನೂ ಸೇರಿಸಿ ಹೇಳ್ಲಾ?” ಎಂದು ಪಕ್ಕದ ಕುರ್ಚಿಯ ಇಸಾಬೆಲಿನೋ ರೇಗಿಸಿದರೆ, “ಸೇರಿಸಪ್ಪಾ” ಎಂದು ನಗುತ್ತಾರೆ. ಪಾಳಿ ಮುಗಿದ ಮೇಲೆ ಕೇಳಿ ಎಂದು ನಾನೂ ಎಷ್ಟೋ ಸಲ ಗದರಿದ್ದೇನೆ. ಇವತ್ತು ಗದರಿದಾಗ ಮಾತ್ರ ಮೆಲ್ಲಗೆ ಹೇಳಿದರು: “ಆಗ ಕೇಳಿದ್ರೆ, ಮನೇಲಿರೋ ಮಗೂನ ನೆನೆಸ್ಕೊಂಡು, ಭಾರಾನೆಲ್ಲ ಮರೆತು ಹತ್ತು ಅಂದ್ಬಿಡ್ತೀಯ. ಹತ್ತು ನೋಡಿದ್ರೆ ಮೇಲಿನವರು ನಿಮ್ಜೊತೆ ಇನ್ನೊಬ್ಬರನ್ನ ಕೂರಿಸ್ತಾರೇನೇ?” ಅಷ್ಟರಲ್ಲಿ ಮೂರನೆಯ ಫೋನೂ ಬಡಿದುಕೊಂಡಿತು. “ನೂರು! ನೂರು ಬರ್ಕೊಳ್ಳಿ!” ಎಂದು ಕಿರುಚಿ ಅದನ್ನೆತ್ತಿದೆ.